ಎಣ್ಣೆ ಸವರಿದ ಕರಣೆ

"ಗುರುಗಳೇ, ನೊಂದವರ ಪರವಾಗಿ ನಿಲ್ಲುವುದರಲ್ಲಿಯೂ ದೋಷವುಂಟೇ?" ಎಂದು ಮರಿದೇವ ಕೇಳಿದ.

ಮರಿದೇವ ಮಠದ ಶಿಷ್ಯ. ಅಳುತ್ತ ಬಂದವರ ಮಾತು ಕೇಳುವುದು ಅವನ ಪಾಲಿಗೆ ಬಂದ ಕೆಲಸ. ನೀಲಮ್ಮ ಎಂಬ ಹೆಂಗಸು ಬಹಳ ಕಾಲದಿಂದ ಅವನ ಬಳಿ ಬರುತ್ತಿದ್ದಳು. ಅವಳ ಅಣ್ಣ ನೆಂಟರೆದುರು ಅವಳನ್ನು ಅವಮಾನಿಸಿ ತವರಿನ ಬಾಗಿಲು ಮುಚ್ಚಿದ್ದ. ತಪ್ಪು ಅಣ್ಣನದೇ, ಅದರಲ್ಲಿ ಎರಡು ಮಾತಿಲ್ಲ. ಅಣ್ಣ ಬಂದು ತಪ್ಪಾಯಿತು ಎನ್ನುವವರೆಗೆ ಆ ಹೊಸ್ತಿಲು ತುಳಿಯಬೇಡ ಎಂದು ಮರಿದೇವ ಅವಳಿಗೆ ಹೇಳಿದ್ದ. ಮೊನ್ನೆ ಅಣ್ಣನ ಮಗಳಿಗೆ ಹೆರಿಗೆಯಾಯಿತೆಂದು ಸುದ್ದಿ ಬಂತು. ಕೂಸನ್ನು ಒಮ್ಮೆ ಎತ್ತಿಕೊಂಡು ಬರಲೇ ಎಂದು ನೀಲಮ್ಮ ಕೇಳಿದಳು. ಹೋದರೆ ಅಣ್ಣ ಗೆದ್ದಂತೆ ಎಂದು ಮರಿದೇವ ತಡೆದ. ಅಂದಿನಿಂದ ಅವಳು ಸರಿಯಾಗಿ ಅನ್ನ ಮುಟ್ಟಿಲ್ಲ.

"ನಾನು ಅವಳ ಒಳಿತನ್ನೇ ಬಯಸಿದೆ. ಆದರೂ ಅವಳು ದಿನದಿನಕ್ಕೆ ಒಣಗುತ್ತಿದ್ದಾಳೆ. ಎಲ್ಲಿ ತಪ್ಪಿತೋ ತಿಳಿಯದು."

"ಕೂತುಕೋ. ಒಬ್ಬ ಗುಮಾಸ್ತನ ಕತೆ ಹೇಳುತ್ತೇನೆ. ಅವನೂ ನಿನ್ನ ಹಾಗೆ ಒಳ್ಳೆಯವನು" ಎಂದರು ಗುರುಗಳು. ಆ ಮಾತು ಹೊಗಳಿಕೆಯಂತೆ ಕೇಳಿಸಲಿಲ್ಲ.

ಒಂದು ಊರಿನಲ್ಲಿ ಒಬ್ಬ ವಕೀಲನಿದ್ದ. ಅವನ ಬಳಿ ಒಬ್ಬ ಗುಮಾಸ್ತನಿದ್ದ. ಲಾರಿಗೆ ಸಿಕ್ಕಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವುದು ಅವರ ಕಸುಬು. ವಕೀಲ ಕರಿ ಕೋಟು ತೊಟ್ಟು ಕೋರ್ಟಿನಲ್ಲಿ ಮಾತನಾಡುತ್ತಿದ್ದ. ಆ ಮಾತಿಗೆ ಬೇಕಾದ ಸರಕನ್ನೆಲ್ಲ ಗುಮಾಸ್ತ ಹೊತ್ತು ತರುತ್ತಿದ್ದ. ಠಾಣೆಗೆ ಅಲೆದು ದೂರಿನ ನಕಲು ತರುವವನು ಅವನು. ಗಾಯದ ಸರ್ಟಿಫಿಕೇಟಿಗಾಗಿ ಆಸ್ಪತ್ರೆಯ ಕಿಟಕಿಯ ಮುಂದೆ ನಿಲ್ಲುವವನು ಅವನು. ನೋಡಿದೆ ಎಂದ ಸಾಕ್ಷಿ ನಾಳೆ ನೋಡಲಿಲ್ಲ ಎನ್ನದ ಹಾಗೆ ಕಾಯುವವನೂ ಅವನೇ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇವನು ಅಂಥ ಪೂಜಾರಿಯಲ್ಲ. ನೊಂದವರ ಮನೆಗೆ ಹೋಗಿ, ಅವರ ಚಾಪೆಯ ಮೇಲೆ ಕೂತು, ಅವರು ಅತ್ತರೆ ತಾನೂ ಕಣ್ಣು ಒರೆಸಿಕೊಳ್ಳುತ್ತಿದ್ದ. ಜನ ವಕೀಲನ ಮುಖ ಮರೆಯುತ್ತಿದ್ದರು, ಗುಮಾಸ್ತನನ್ನು ಮರೆಯುತ್ತಿರಲಿಲ್ಲ.

ಹಿಂದೆ ಒಬ್ಬ ಹಮಾಲಿಯ ಕೇಸನ್ನು ಗುಮಾಸ್ತ ನೋಡಿಕೊಂಡಿದ್ದ. ಹಮಾಲಿಗೆ ಬೆನ್ನು ಮುರಿದಿತ್ತು. ಸ್ವಲ್ಪ ವಾಸಿಯಾದ ಕೂಡಲೇ ಅವನು ಸಂತೆಯಲ್ಲಿ ಒಂದು ಮೂಟೆ ಎತ್ತಿದ. ಅದನ್ನು ವಿಮಾ ಕಂಪನಿಯವರು ದೂರದಿಂದ ಫೋಟೋ ಹಿಡಿದರು. ಕೋರ್ಟು ಆ ಫೋಟೋ ನೋಡಿ ಪರಿಹಾರವನ್ನು ಕತ್ತರಿಸಿ ಹಾಕಿತು. ಹೊರಗೆ ಬಂದ ಹಮಾಲಿ ಕೂಗಾಡಲಿಲ್ಲ. "ಎತ್ಬ್ಯಾಡ ಅಂತ ಮೊದ್ಲೇ ಒಂದು ಮಾತು ಹೇಳಬಾರ್ದಿತ್ತಾ ಸ್ವಾಮಿ?" ಎಂದಷ್ಟೇ ಕೇಳಿದ. ಆ ಮಾತು ಗುಮಾಸ್ತನಿಗೆ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅಂದಿನಿಂದ ಅವನು ಮೊದಲೇ ಹೇಳುವವನಾದ.

ಅದೇ ಊರಿನಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಗೋಡೆಗೆ ಗಾರೆ ಬಳಿದರೆ ಕನ್ನಡಿಯಷ್ಟು ನುಣುಪು. ತನಗೆ ಕೆಲಸ ಕಲಿಸಿದ ಮೇಸ್ತ್ರಿ ಸಾಯುವಾಗ ಕೊಟ್ಟ ಕರಣೆಯನ್ನು ಬಿಟ್ಟು ಬೇರೆ ಕರಣೆಯಿಂದ ಅವನು ಗಾರೆ ಬಳಿದವನಲ್ಲ. ಒಂದು ಬೆಳಿಗ್ಗೆ ಮರಳಿನ ಲಾರಿಯೊಂದು ಹಿಂದೆ ನೋಡದೆ ಹಿಂದಕ್ಕೆ ಬಂತು. ಗೋಡೆಗೂ ಲಾರಿಗೂ ನಡುವೆ ಗಾರೆಯವನ ಬಲಗೈ ಸಿಕ್ಕಿತು. ಮೊಣಕೈ ನುಚ್ಚಾಯಿತು. ಅವನ ಕೇಸೂ ಈ ಗುಮಾಸ್ತನ ಪಾಲಿಗೇ ಬಂತು.

ದೊಡ್ಡಾಸ್ಪತ್ರೆಯ ಡಾಕ್ಟರು ಮೂಳೆ ಕೂಡಿಸಿದರು. ಕೈಯನ್ನು ಮಡಿಸಿ, ಎದೆಗೆ ಒತ್ತಿ, ಕೊರಳಿಗೆ ಬಟ್ಟೆಯಲ್ಲಿ ತೂಗುಹಾಕಿದರು. ಕೆಲವು ವಾರಗಳ ಮೇಲೆ ಬಟ್ಟೆ ಬಿಚ್ಚಿ ನೋಡಿ, "ಮೂಳೆ ಚೆನ್ನಾಗಿ ಕೂಡಿದೆ. ಇನ್ನು ದಿನವೂ ಮಡಿಸಬೇಕು, ಚಾಚಬೇಕು. ನೋಯುತ್ತದೆ, ನೋಯಲಿ. ಸುಮ್ಮನೆ ಕಟ್ಟಿಕೊಂಡು ಕೂತರೆ ಕೀಲು ಹಿಡಿದುಬಿಡುತ್ತದೆ. ಆಮೇಲೆ ನನ್ನ ಕೈಯಲ್ಲೂ ಏನೂ ಇಲ್ಲ" ಎಂದರು. ಆ ಹೊತ್ತಿನಲ್ಲಿ ಗುಮಾಸ್ತ ಮಂಚದ ಪಕ್ಕದಲ್ಲೇ ನಿಂತಿದ್ದ. ಆ ಮಾತನ್ನು ಅವನೂ ಕೇಳಿದ.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಗುಮಾಸ್ತನೇ ಬಟ್ಟೆಯನ್ನು ಮತ್ತೆ ಗಾರೆಯವನ ಕೊರಳಿಗೆ ಕಟ್ಟಿದ. ಗಾರೆಯವನ ಹೆಂಡತಿ ಅನುಮಾನಿಸಿದಳು.

"ಅಣ್ಣಾ, ದಿನಾ ಕೈ ಚಾಚ್ಬೇಕು ಅಂದ್ರಲ್ಲ ಡಾಕ್ಟ್ರು?"

"ಚಾಚ್ಲಿ ತಾಯಿ, ಯಾರು ಬ್ಯಾಡ ಅಂದೋರು? ಕೇಸೊಂದು ಮುಗೀಲಿ. ಈಗ ಕೈ ಸರಿಹೋದ್ರೆ ಕೇಸು ಕೆಡ್ತದೆ. ಕಂಪನಿಯೋರ ಕಣ್ಣು ಎಲ್ಲಿರ್ತದೆ ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು."

ಗಾರೆಯವನು ಹೆಂಡತಿಯ ಮುಖ ನೋಡಿದ. ತಮಗಾಗಿ ಇಷ್ಟು ಓಡಾಡುವ ಮನುಷ್ಯ ಕೆಟ್ಟದ್ದು ಹೇಳುವನೇ ಎಂದು ಇಬ್ಬರಿಗೂ ಅನ್ನಿಸಿತು. ಡಾಕ್ಟರು ಒಂದು ಸಲ ಬಂದು ಹೋಗುವವರು. ಗುಮಾಸ್ತ ಮನೆಯವನ ಹಾಗೆ.

ಗುಮಾಸ್ತ ಸುಳ್ಳು ಹೇಳಿಸುವವನಲ್ಲ. ಗಾಯವಿಲ್ಲದವನಿಗೆ ಗಾಯ ಬರೆಸಿದವನಲ್ಲ. ಇರುವ ಗಾಯ ನ್ಯಾಯಾಧೀಶರ ಕಣ್ಣಿಗೆ ಬೀಳುವವರೆಗೆ ಇರಲಿ ಎಂದನಷ್ಟೇ. ಅದರಲ್ಲಿ ತಪ್ಪೇನು ಎಂದು ಅವನು ತನ್ನನ್ನು ತಾನೇ ಕೇಳಿಕೊಂಡ, ಏನೂ ಇಲ್ಲ ಎಂದು ತಾನೇ ಉತ್ತರ ಕೊಟ್ಟುಕೊಂಡ. ಪ್ರಶ್ನೆಯೂ ತನ್ನದೇ ಉತ್ತರವೂ ತನ್ನದೇ ಆದರೆ ಪರೀಕ್ಷೆಯಲ್ಲಿ ಯಾರು ತಾನೇ ಫೇಲಾಗುತ್ತಾರೆ, ಮರಿದೇವ?

ಕೇಸು ಕೋರ್ಟಿಗೆ ಹತ್ತಿತು. ಗುಮಾಸ್ತ ಗಾರೆಯವನಿಗೆ ಪಾಠ ಹೇಳಿದ. ಹೋಟೆಲಿನಲ್ಲಿ ಕೂತಾಗ ಇದ್ದಕ್ಕಿದ್ದಂತೆ ಅವನ ಮುಂದೆ ಟೀ ಲೋಟ ಹಿಡಿಯುತ್ತಿದ್ದ. ಗಾರೆಯವನ ಬಲಗೈ ಬಟ್ಟೆಯೊಳಗೆ ಮಿಸುಕಿದರೆ ಗದರುತ್ತಿದ್ದ. ಎಡಗೈ ಬಂದರೆ ಭೇಷ್ ಎನ್ನುತ್ತಿದ್ದ. ಹುಟ್ಟಿದಾಗಿನಿಂದ ಎಡಗೈಯಲ್ಲಿ ಏನನ್ನೂ ತೆಗೆದುಕೊಳ್ಳಬಾರದೆಂದು ಬೆಳೆದವನು ಗಾರೆಯವನು. ಮೊದಮೊದಲು ನಾಚಿದ. ಬರುಬರುತ್ತ ನಾಚಿಕೆಯೂ ಹೋಯಿತು, ಬಲಗೈ ಮಿಸುಕುವುದೂ ನಿಂತಿತು. ಶಿಷ್ಯ ಚೆನ್ನಾಗಿ ಕಲಿಯುತ್ತಿದ್ದಾನೆ ಎಂದು ಗುಮಾಸ್ತ ಹಿಗ್ಗಿದ.

ಒಂದು ಮಧ್ಯಾಹ್ನ ಯಾವುದೋ ಸಹಿಗಾಗಿ ಗುಮಾಸ್ತ ಗಾರೆಯವನ ಮನೆಗೆ ಹೋದ. ಅಡುಗೆಮನೆಯಿಂದ ಕರಣೆ ಕೆರೆಯುವ ಸದ್ದು ಬರುತ್ತಿತ್ತು. ಇಣುಕಿ ನೋಡಿದ. ಗಾರೆಯವನು ಕೊರಳ ಬಟ್ಟೆ ಬಿಚ್ಚಿಟ್ಟು ಒಲೆಯ ಹಿಂದಿನ ಬಿರುಕಿಗೆ ಗಾರೆ ಬಳಿಯುತ್ತಿದ್ದ. ಕರಣೆ ಬಲಗೈಯಲ್ಲಿತ್ತು. ಕೈ ಪೂರ್ತಿ ಚಾಚುತ್ತಿರಲಿಲ್ಲ, ಆದರೆ ಚಾಚುತ್ತಿತ್ತು. ನೋವಿಗೆ ಹಣೆ ಬೆವರಿತ್ತು. ಆ ಬೆವರಿನ ಕೆಳಗೆ ಅವನ ಮುಖ ಹಬ್ಬದ ಮುಖವಾಗಿತ್ತು. ಹೆಂಡತಿ ಪಕ್ಕದಲ್ಲಿ ಗಾರೆಯ ಬಾಣಲೆ ಹಿಡಿದು ನಗುತ್ತಿದ್ದಳು.

ಕಂಡು ಕುಣಿಯಬೇಕಾದ ನೋಟ ಅದು. ಗುಮಾಸ್ತನಿಗೆ ಹಮಾಲಿಯ ನೆನಪಾಯಿತು. ಓಡಿಹೋಗಿ ಕಿಟಕಿ ಮುಚ್ಚಿದ.

"ಮನೆ ಮುಳುಗಿಸ್ತೀಯೇನಯ್ಯ? ಯಾರಾದ್ರೂ ಫೋಟೋ ಹಿಡಿದ್ರೆ ಏನ್ಗತಿ? ಕೊಡು ಇಲ್ಲಿ."

"ಒಲೆ ಹಿಂದೆ ಬಿರುಕು ಬಿಟ್ಟಿತ್ತು ಸ್ವಾಮಿ. ಮನೆಯೊಳಗೆ ಯಾರು ನೋಡ್ತಾರೆ? ಕೈಯಿ ಒಂದೀಟು ಬಿಡ್ತಾ ಐತೆ. ಇನ್ನೊಂದೀಟು ದಿನ ಆಡಿಸಿದ್ರೆ..."

"ಕೇಸು ಮುಗೀಲಿ ಅಂದ್ನಲ್ಲ. ತೀರ್ಪು ಬಂದ ದಿನ ನಾನೇ ತಂದು ನಿನ್ ಕೈಗೆ ಕೊಡ್ತೀನಿ."

ಗುಮಾಸ್ತ ಕರಣೆಯನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡ. ಒರಟಾಗಿ ಅಲ್ಲ, ಮಗುವಿನ ಕೈಯಿಂದ ಚಾಕು ಬಿಡಿಸುವ ಹಾಗೆ. ಕರಣೆಗೆ ಅಂಟಿದ್ದ ಗಾರೆಯನ್ನು ಒರೆಸಿ ತನ್ನ ಚೀಲಕ್ಕೆ ಹಾಕಿಕೊಂಡ. ಬಟ್ಟೆಯನ್ನು ಕೊರಳಿಗೆ ಮತ್ತೆ ಕಟ್ಟಿದ. ಗಾರೆಯವನ ಹೆಂಡತಿ ಬಾಣಲೆಯಲ್ಲಿ ಉಳಿದ ಗಾರೆಯನ್ನು ಹಿತ್ತಿಲಿಗೆ ಸುರಿದಳು. ಅರ್ಧ ಬಿರುಕು ಹಾಗೆಯೇ ಉಳಿಯಿತು.

ಮುಂದೆ ವಾಯಿದೆಗಳ ಕಾಲ. ಒಂದು ವಾಯಿದೆಗೆ ನ್ಯಾಯಾಧೀಶರು ರಜೆ. ಒಂದಕ್ಕೆ ಕಂಪನಿಯ ವಕೀಲನಿಗೆ ಜ್ವರ. ಒಂದಕ್ಕೆ ಲಾರಿಯ ಮಾಲೀಕ ಮನೆ ಬದಲಿಸಿದನೆಂದು ಸಮನ್ಸು ತಿರುಗಿ ಬಂತು. ಪ್ರತಿ ಸಲವೂ ಗಾರೆಯವನು ಎದೆಗೆ ಕೈ ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಿದ್ದ. "ಎಲ್ಲೀವರೆಗೆ ಸ್ವಾಮಿ?" ಎನ್ನುತ್ತಿದ್ದ. "ಇನ್ನೊಂದೇ ವಾಯಿದೆ" ಎನ್ನುತ್ತಿದ್ದ ಗುಮಾಸ್ತ. ಅವನು ಮನಸ್ಸಾರೆ ನಂಬಿಯೇ ಹಾಗೆ ಹೇಳುತ್ತಿದ್ದ. ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು. ಆಮೇಲಾಮೇಲೆ ಗಾರೆಯವನು ಕೇಳುವುದನ್ನೇ ಬಿಟ್ಟ.

ಕರಣೆ ಗುಮಾಸ್ತನ ಮನೆಯಲ್ಲಿತ್ತು. ಅದು ಒಬ್ಬನ ಅನ್ನದ ಸಾಧನ, ಹಾಳಾಗಬಾರದು ಎಂಬ ಕಾಳಜಿ ಅವನಿಗೆ. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಕೊಬ್ಬರಿ ಎಣ್ಣೆ ಸವರುತ್ತಿದ್ದ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಇಡುತ್ತಿದ್ದ. ತೀರ್ಪಿನ ದಿನ ಅದನ್ನು ಕೊಡುವ ಗಳಿಗೆಯನ್ನು ನೆನೆಸಿಕೊಂಡು ಒಬ್ಬನೇ ನಗುತ್ತಿದ್ದ.

ಕೊನೆಗೆ ಸಾಕ್ಷಿಯ ದಿನ ಬಂತು. ಕಂಪನಿಯ ವಕೀಲ ಚತುರ. ಒಂದು ಕಾಗದವನ್ನು ಗಾರೆಯವನ ಬಲಗಡೆಗೆ ಸರಕ್ಕನೆ ಚಾಚಿದ. ಗಾರೆಯವನು ಎಡಗೈಯಲ್ಲಿ ತೆಗೆದುಕೊಂಡ. ನ್ಯಾಯಾಧೀಶರು ಬಟ್ಟೆ ಬಿಚ್ಚಿಸಿದರು. "ಕೈ ಚಾಚಪ್ಪ, ನೋಡೋಣ" ಎಂದರು. ಗಾರೆಯವನ ಭುಜ ಮುಂದೆ ಬಂತು, ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ಮೊಣಕೈ ಮಾತ್ರ ಮಡಿಸಿದಲ್ಲೇ ಇತ್ತು. ಹಿಂದೆ ನಿಂತಿದ್ದ ಗುಮಾಸ್ತ, ಎಷ್ಟು ಚೆನ್ನಾಗಿ ನಟಿಸಿದ ಎಂದುಕೊಂಡ. ಕಣ್ಣೀರು ತರಿಸುವುದನ್ನು ತಾನು ಹೇಳಿಕೊಟ್ಟಿರಲಿಲ್ಲವಲ್ಲ ಎಂದು ಸೋಜಿಗಪಟ್ಟ.

ತೀರ್ಪು ಬಂತು. ಅಂಥ ಪರಿಹಾರ ಆ ಕೋರ್ಟಿನಲ್ಲಿ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ. ಎಲ್ಲರೂ ವಕೀಲನ ಕೈ ಕುಲುಕಿದರು. ವಕೀಲ ಗುಮಾಸ್ತನ ಬೆನ್ನು ತಟ್ಟಿದ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಜನ ಸುಮ್ಮನೆ ಹೇಳುತ್ತಾರೆ, ನಾವಿಲ್ಲಿ ಗೆದ್ದು ತೋರಿಸಿದೆವು ಎಂದು ಗುಮಾಸ್ತ ಬೀಗಿದ.

ಆ ಸಂಜೆಯೇ ಅವನು ಗಾರೆಯವನ ಮನೆಗೆ ಹೋದ. ಹೂವಿನ ಅಂಗಡಿಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಕರಣೆಯ ಹಿಡಿಗೆ ಸುತ್ತಿದ್ದ. ಗಾರೆಯವನು ಜಗಲಿಯ ಮೇಲೆ ಕೂತಿದ್ದ. ಕೊರಳಲ್ಲಿ ಬಟ್ಟೆ ಇರಲಿಲ್ಲ. ಆದರೂ ಕೈ ಎದೆಯ ಮೇಲೆ ಅದೇ ಜಾಗದಲ್ಲಿತ್ತು.

"ಇನ್ನು ನಿನಗೆ ಯಾರ ಹಂಗೂ ಇಲ್ಲ, ಯಾರ ಭಯಾನೂ ಇಲ್ಲ. ತಗೋ. ಬಲಗೈಲೇ ತಗೋ" ಎಂದು ಗುಮಾಸ್ತ ಕರಣೆಯನ್ನು ಮುಂದೆ ಹಿಡಿದ.

ಗಾರೆಯವನು ಚಾಚಲು ನೋಡಿದ. ಕೋರ್ಟಿನಲ್ಲಿ ಆದದ್ದೇ ಆಯಿತು. ಭುಜ ಮುಂದೆ ಬಂತು, ಕತ್ತಿನ ನರ ಉಬ್ಬಿತು.

ಗುಮಾಸ್ತ ನಕ್ಕ. "ಅಯ್ಯೋ ಮಾರಾಯ, ಸಾಕು ಬಿಡು ನಾಟಕ. ಕೇಸು ಮುಗೀತು."

ಯಾರೂ ನಗಲಿಲ್ಲ. ಗಾರೆಯವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳು ಮುಖ ತಿರುಗಿಸಿ ಒಳಗೆ ಹೋದಳು. ಆಗ ಗುಮಾಸ್ತನಿಗೆ ಅರ್ಥವಾಯಿತು. ಕರಣೆಯನ್ನು ಜಗಲಿಯ ಮೇಲಿಟ್ಟ. ಅವನು ಗಾರೆಯವನ ಮೊಣಕೈಯನ್ನು ಹಿಡಿದು ತಾನೇ ಬಿಡಿಸಲು ನೋಡಿದ. ಗಾರೆಯವನು ನೋವಿಗೆ ಹಲ್ಲು ಕಚ್ಚಿದ. ಕೀಲು ಕದಲಲಿಲ್ಲ.

ಗಾರೆಯವನು ಎಡಗೈ ಚಾಚಿ ಕರಣೆ ತೆಗೆದುಕೊಂಡ. ತಿರುಗಿಸಿ ತಿರುಗಿಸಿ ನೋಡಿದ. ಎಲ್ಲಿಯೂ ಒಂದು ಚುಕ್ಕೆ ತುಕ್ಕಿರಲಿಲ್ಲ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಕರಣೆ ಚೆಂದಾಗಿ ನೋಡ್ಕೊಂಡಿದ್ದೀರ ಸ್ವಾಮಿ" ಎಂದ.

ಗುಮಾಸ್ತ ಏನು ಹೇಳಿದನೋ, ಹೇಗೆ ಮನೆ ಸೇರಿದನೋ ತಿಳಿಯದು. ಮರುದಿನ ವಕೀಲನ ಕಚೇರಿಯ ಮುಂದೆ ಜನ ಸೇರಿದ್ದರು. ಒಬ್ಬನ ಕಾಲಿಗೆ ಪಟ್ಟಿ, ಇನ್ನೊಬ್ಬನ ಭುಜಕ್ಕೆ ಕಟ್ಟು. ಗಾರೆಯವನಿಗೆ ಮಾಡಿದ ಹಾಗೆ ನಮಗೂ ಮಾಡಿ ಸ್ವಾಮಿ ಎಂದು ಅವರು ಗುಮಾಸ್ತನಿಗೆ ಕೈ ಮುಗಿದರು.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ತಡೆಯಲಾರದೆ ಕೇಳಿದ:

"ಆದರೆ ಕೈ ಮುರಿದದ್ದು ಲಾರಿಯವನಲ್ಲವೇ, ಗುರುಗಳೇ? ತಪ್ಪು ಅವನದಲ್ಲವೇ?"

"ಅವನದೇ. ಕೋರ್ಟು ಕೂಡ ಹಾಗೆಯೇ ತೀರ್ಪು ಕೊಟ್ಟಿತಲ್ಲ."

ಮರಿದೇವನ ಮುಖ ಸ್ವಲ್ಪ ತಿಳಿಯಾಯಿತು. ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಗುರುಗಳು ಎದ್ದು ನಿಂತು ಅವನನ್ನೇ ನೋಡುತ್ತ ಕೇಳಿದರು:

"ನೀಲಮ್ಮನ ಕರಣೆ ಈಗ ಯಾರ ಚೀಲದಲ್ಲಿದೆ?"