ನೀರು ಹಾಕಿದ ಕೊಳವೆ

ಹರಿಹರದ ಹತ್ತಿರ, ಹೊಳೆದಂಡೆಯಲ್ಲಿ ವಾರಿಜಮ್ಮನವರ ಪ್ರಯೋಗಾಲಯವಿತ್ತು. ನರಗಳ ಕಾಯಿಲೆಗೂ ರೋಗಾಣುಗಳಿಗೂ ಏನು ನಂಟು ಎಂದು ಹುಡುಕುವುದು ಅಲ್ಲಿಯ ಕೆಲಸ. ಚಪ್ಪಲಿಯ ಜೊತೆ ಮೊಬೈಲನ್ನೂ ಹೊರಗೇ ಬಿಡಬೇಕಾಗಿದ್ದರಿಂದ ಶಿಷ್ಯರು ಅದನ್ನು ಆಶ್ರಮ ಎಂದು ಆಡಿಕೊಳ್ಳುತ್ತಿದ್ದರು.

ಹಾಲೇಶ ಅಲ್ಲಿಯ ಶಿಷ್ಯ. ಅವನ ತಾಯಿಗೆ ನಡುಕದ ಕಾಯಿಲೆ. ಲೋಟ ಎತ್ತಿದರೆ ಅರ್ಧ ನೀರು ಸೆರಗಿನ ಪಾಲು.

ಒಂದು ಬೆಳಿಗ್ಗೆ ಅವನು ಏದುಸಿರು ಬಿಡುತ್ತ ಬಂದ.

"ಸಿಕ್ತು ಮೇಡಂ. ನಡುಕ ಇರೋರ ಬೆನ್ನುಹುರಿ ದ್ರವದಲ್ಲಿ ಒಂದು ರೋಗಾಣು ಇದೆ. ಪರೀಕ್ಷೆ ಮಾಡಿದ ಎಲ್ಲರಲ್ಲೂ ಇದೆ, ನಮ್ಮಮ್ಮನಲ್ಲೂ ಇದೆ. ಅದನ್ನ ಕೊಲ್ಲೋ ಔಷಧಿ ಇದೆ. ಡಾಕ್ಟರಿಗೆ ಹೇಳಿ ನಾಳೆಯಿಂದಲೇ ಇಂಜೆಕ್ಷನ್ ಶುರು ಮಾಡಿಸ್ತೀನಿ."

"ಆ ಔಷಧಿಗೆ ಕಿವಿ ಹೋದ್ರೂ ಹೋಗುತ್ತೆ."

"ಹೋಗ್ಲಿ. ಕೈ ಉಳಿಯುತ್ತಲ್ಲ."

"ನೀರಿನ ಕೊಳವೆ ಏನು ಹೇಳ್ತು?"

ಹಾಲೇಶನಿಗೆ ಮೈಯೆಲ್ಲ ಉರಿದುಹೋಯಿತು. ಯಾರು ಏನೇ ಕಂಡುಹಿಡಿದು ತಂದರೂ ಈಕೆಯದು ಇದೊಂದೇ ರಾಗ. ರೋಗಿಯ ದ್ರವದ ಬದಲು ಕೊಳವೆಗೆ ಶುದ್ಧ ನೀರು ಹಾಕು, ಅದನ್ನೂ ಹಾಗೇ ಪರೀಕ್ಷೆ ಮಾಡು. ಕೇಳಿ ಕೇಳಿ ಸಾಕಾಗಿತ್ತು.

"ಮಾಡಿಲ್ಲ. ನೀರಲ್ಲಿ ಏನಿರುತ್ತೆ ಮೇಡಂ, ಮಣ್ಣು?"

"ಮಾಡು."

"ಅಲ್ಲಿ ನಮ್ಮಮ್ಮ ದಿನದಿಂದ ದಿನಕ್ಕೆ ಕುಗ್ಗಿ ಹೋಗ್ತಿದಾರೆ. ನೀವು ಇಲ್ಲಿ ನೀರು ಪರೀಕ್ಷೆ ಮಾಡು ಅಂತೀರಿ."

ವಾರಿಜಮ್ಮ ಒಂದು ಕೊಳವೆಗೆ ನೀರು ಹಾಕಿ ಅವನ ಕೈಗಿತ್ತರು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತು ಆರಾಮಾಗಿ ಮೊಸರನ್ನ ಉಂಡರು. ಅದನ್ನು ನೋಡಿ ಅವನಿಗೆ ಇನ್ನಷ್ಟು ರೇಗಿತು.

ಗೊಣಗುತ್ತಲೇ ಪರೀಕ್ಷೆ ಮಾಡಿದ.

ಸಂಜೆ ಫಲಿತಾಂಶ ಬಂತು. ನೀರಿನಲ್ಲೂ ಅದೇ ರೋಗಾಣುವಿನ ಗುರುತು. ನೀರು ಬದಲಿಸಿದ, ಕೊಳವೆ ಬದಲಿಸಿದ, ಆದರೂ ಅದೇ. ಪರೀಕ್ಷೆಗೆ ಬಳಸುವ ರಾಸಾಯನಿಕದ ಹೊಸ ಬಾಟಲಿ ತೆರೆದು ನೋಡಿದಾಗ ಮಾತ್ರ ಎಲ್ಲ ಮಾಯ. ನೀರಿನಲ್ಲೂ ಇಲ್ಲ, ಅಮ್ಮನ ದ್ರವದಲ್ಲೂ ಇಲ್ಲ. ಅವನು ಕಂಡದ್ದೆಲ್ಲ ಹಳೆಯ ಬಾಟಲಿಯೊಳಗಿನ ಕೊಳೆ.

ಹಾಲೇಶ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ಸಿಟ್ಟು ಇಳಿದಿರಲಿಲ್ಲ, ಅದರ ಜೊತೆಗೆ ಅಳುವೂ ಬರುತ್ತಿತ್ತು.

"ಇಷ್ಟು ವರ್ಷ ನಿಮ್ಮ ಕೈಕೆಳಗೆ ಕಲಿತಿದೀನಿ ಮೇಡಂ. ನನ್ನ ಮೇಲೆ ಇಲ್ಲದ ನಂಬಿಕೆ ಆ ನೀರಿನ ಕೊಳವೆ ಮೇಲೆ ಯಾಕೆ ನಿಮಗೆ?"

ವಾರಿಜಮ್ಮ ಅವನ ಪಕ್ಕದಲ್ಲಿ ಕೂತರು.

"ಅದಕ್ಕೆ ಅಮ್ಮ ಇಲ್ಲ, ಹಾಲೇಶ."