ಕಡಲು ಮೆಟ್ಟು ಬಿಟ್ಟು ಬಂದದ್ದು

ಲೋಕ ಇನ್ನೂ ಹೊಸದು. ಬೆಟ್ಟಗಳ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಆ ಕಾಲದಲ್ಲಿ, ಭೂಮಿಯ ಬಡಗಣ ತುದಿಯ ನಾರ್ವೆ ದೇಶದಲ್ಲಿ, ಬೆಟ್ಟಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು. ಬೆಟ್ಟಗಳ ಆಚೆ ಕಡಲು. ಈಚೆ ಸಿಗ್ರಿಯ ಮನೆ.

ಸಿಗ್ರಿಯದು ಮರದ ದಿಮ್ಮಿಗಳ ಪುಟ್ಟ ಮನೆ. ಮಾಡಿನ ಮೇಲೆ ಹುಲ್ಲು ಬೆಳೆದಿತ್ತು. ಅವಳ ಆಡುಗಳು ಅಲ್ಲಿಗೇ ಹತ್ತಿ ಮೇಯುತ್ತಿದ್ದವು. ಅಂಗಳದಲ್ಲಿ ಅವಳೇ ನೆಟ್ಟ ಒಂದು ಸೇಬಿನ ಗಿಡ. ಆ ಚಳಿಗೆ ಅದು ಒಂದು ಸಲವೂ ಹೂ ಬಿಟ್ಟಿರಲಿಲ್ಲ. ಆದರೂ ಸಿಗ್ರಿ ದಿನಾ ಅದರ ಬುಡಕ್ಕೆ ಒಣಹುಲ್ಲು ಹೊದಿಸುತ್ತಿದ್ದಳು.

ಅವಳ ಮನೆಯಲ್ಲಿ ಒಂದೇ ಕಟ್ಟಳೆ. ಯಾರೇ ಬರಲಿ, ಮೆಟ್ಟು ಹೊಸ್ತಿಲ ಹೊರಗೆ ಬಿಟ್ಟು ಬರಬೇಕು. ಗಂಡ ಆಸ್ಲಾಕನಾದರೂ ಅಷ್ಟೇ, ಗಾಳಿಯಾದರೂ ಅಷ್ಟೇ.

"ನನಗೆ ಕಾಲೇ ಇಲ್ಲವಲ್ಲೇ, ಮೆಟ್ಟು ಎಲ್ಲಿಂದ ಬರಬೇಕು?" ಎಂದು ಗಾಳಿ ಒಮ್ಮೆ ಕೇಳಿತ್ತು.

"ಹಾಗಾದರೆ ಆ ಧೂಳು ಹೊರಗೆ ಬಿಟ್ಟು ಬಾ," ಎಂದಿದ್ದಳು ಸಿಗ್ರಿ. ಗಾಳಿ ಮೈ ಕೊಡವಿಕೊಂಡು, ಮೆಲ್ಲಗೆ ಬಂದು ಒಲೆಯ ಪಕ್ಕ ಕೂತಿತ್ತು.

ಆಸ್ಲಾಕ್ ಮೀನು ಹಿಡಿಯುವವನು. ಕಡಲಿಗೆ ಹೋಗಬೇಕೆಂದರೆ ಬೆಟ್ಟ ಹತ್ತಿ ಬೆಟ್ಟ ಇಳಿಯಬೇಕು. ಹೋಗುವಾಗ ಹೊಸ ಮೆಟ್ಟು, ಬರುವಾಗ ಹರಿದ ಮೆಟ್ಟು. ಬುಟ್ಟಿಯ ಮೀನು ಮನೆ ಸೇರುವ ಹೊತ್ತಿಗೆ ಬೆಕ್ಕೂ ಮೂಗು ಮುಚ್ಚಿಕೊಳ್ಳುತ್ತಿತ್ತು.

ಒಂದು ಸಂಜೆ ಅವನು ಬುಟ್ಟಿ ಕೆಳಗಿಟ್ಟು ಹೇಳಿದ: "ಸಾಕಾಯಿತು ಸಿಗ್ರಿ. ಮನೆ ಬಿಚ್ಚೋಣ. ಕಡಲ ದಂಡೆಗೆ ಹೋಗಿ ಇದ್ದುಬಿಡೋಣ."

"ನನ್ನ ಸೇಬಿನ ಗಿಡ?"

"ಹೂ ಬಿಡದ ಗಿಡ!"

"ಬಿಡುತ್ತದೆ. ಅಲ್ಲಿಯ ಬರಿ ಬಂಡೆಯಲ್ಲಿ ಅದು ಬೇರು ಹಿಡಿಯುತ್ತದೆಯೇ? ನಾನು ಬರುವುದಿಲ್ಲ."

"ಹಾಗಾದರೆ ಕಡಲನ್ನೇ ಇಲ್ಲಿಗೆ ಕರೆಸು," ಎಂದು ಆಸ್ಲಾಕ್ ನಕ್ಕ. "ಅದು ನಮ್ಮ ಅಂಗಳಕ್ಕೆ ಬಂದರೆ ನಾನು ಒಂದು ಹೆಜ್ಜೆಯೂ ಕದಲುವುದಿಲ್ಲ."

ಅವನು ಹೇಳಿದ್ದು ತಮಾಷೆಗೆ. ಸಿಗ್ರಿ ಮಾತ್ರ ಶಾಲು ಹೊದ್ದು ಬೆಟ್ಟ ಹತ್ತಿದಳು.

ಬೆಟ್ಟದ ನೆತ್ತಿಯಲ್ಲಿ ಹಿಮಜ್ಜಿ ಕೂತಿದ್ದಳು. ಆ ಹೊಸ ಲೋಕದಲ್ಲಿ ಯಾರಿಗೂ ವಯಸ್ಸಾಗುತ್ತಿರಲಿಲ್ಲ. ಹಿಮಜ್ಜಿ ಮಾತ್ರ ಹುಟ್ಟುವಾಗಲೇ ಅಜ್ಜಿ. ಅವಳ ಬಿಳಿ ಸೆರಗು ಬೆಟ್ಟದಿಂದ ಬೆಟ್ಟಕ್ಕೆ ಹಾಸಿತ್ತು.

"ಅಜ್ಜೀ, ಕಡಲನ್ನು ನಮ್ಮನೆಗೆ ಕರೆಯಬೇಕು. ದಾರಿ ಇಲ್ಲ."

"ದಾರಿ ಅಗೆಯುವುದೇನು ಮಹಾ," ಎಂದಳು ಹಿಮಜ್ಜಿ. "ನನಗಿಂತ ಭಾರದವರು ಈ ಸೀಮೆಯಲ್ಲಿ ಇನ್ಯಾರಿದ್ದಾರೆ? ಆದರೆ ಕಡಲ ಕಡೆ ಬೆಚ್ಚಗಂತೆ. ಅಷ್ಟು ದೂರ ಹೋದರೆ ನಾನು ಕರಗಿ ಸಣ್ಣಗಾಗುತ್ತೇನೆ ಕಣೇ."

ಸಿಗ್ರಿ ತಲೆ ತಗ್ಗಿಸಿದಳು. "ಹಾಗಾದರೆ ಬೇಡ ಅಜ್ಜೀ."

ಹಿಮಜ್ಜಿ ಕೆಳಗೆ ಸಿಗ್ರಿಯ ಅಂಗಳದತ್ತ ಬಗ್ಗಿ ನೋಡಿದಳು. "ನಿನ್ನ ಗಿಡದ ಹೂ ಹೇಗಿರುತ್ತದೆ?"

"ನಾನೂ ನೋಡಿಲ್ಲ. ಗಾಳಿ ದಕ್ಷಿಣದಲ್ಲಿ ನೋಡಿದೆಯಂತೆ. ನಿನ್ನ ಸೆರಗಿನಷ್ಟೇ ಬಿಳಿಯಂತೆ."

"ನನ್ನಷ್ಟೇ ಬಿಳಿಯೇ?" ಹಿಮಜ್ಜಿ ಧಡಕ್ಕನೆ ಎದ್ದಳು. "ಅದನ್ನು ನಾನು ನೋಡಲೇಬೇಕು!"

ಹಿಮಜ್ಜಿ ನೂಕಿದಳು, ಬೆಟ್ಟ ಬಿರಿಯಿತು. ಹಿಮಜ್ಜಿ ಉಜ್ಜಿದಳು, ಬಂಡೆ ನುಣುಪಾಯಿತು. ಹಿಮಜ್ಜಿ ಅಗೆದಳು, ಆಳಕ್ಕೆ, ಇನ್ನೂ ಆಳಕ್ಕೆ. "ಬರುವವನು ದೊಡ್ಡವನು, ಕೋಣೆಯೂ ದೊಡ್ಡದಿರಲಿ" ಎಂದುಕೊಳ್ಳುತ್ತ ಅಗೆದಳು. ಅಗೆದ ಕಲ್ಲು ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂದಕ್ಕೆ ಹೋದಳು. ಅವಳ ಹಿಂದೆ ಸಿಗ್ರಿ, ಸಿಗ್ರಿಯ ಹಿಂದೆ ಗಾಳಿ. ಚಳಿಗಾಲಗಳು ಬಂದವು, ಹೋದವು.

ಕಡಲು ಹತ್ತಿರವಾದಂತೆ ಬಿಸಿ ಏರಿತು. ಬಿಸಿ ಏರಿದಂತೆ ಸೆರಗು ತೆಳ್ಳಗಾಯಿತು. ಕಡಲ ಅಂಚಿಗೆ ತಲುಪಿದ್ದೇ ತಡ, ಸೆರಗಿನ ಗಂಟು ಬಿಚ್ಚಿ ಹೊತ್ತ ಕಲ್ಲೆಲ್ಲ ಅಡ್ಡಕ್ಕೆ ಸುರಿದು ದಿಬ್ಬವಾಯಿತು.

"ಅಯ್ಯೋ, ಬಾಗಿಲಲ್ಲೇ ರಾಶಿ ಹಾಕಿಬಿಟ್ಟೆನಲ್ಲೇ! ಇನ್ನು ಎತ್ತುವುದು ನನ್ನ ಕೈಲಾಗದು," ಎಂದಳು ಹಿಮಜ್ಜಿ.

ಅಷ್ಟರಲ್ಲಿ ಕಡಲು ಮೇಲೆದ್ದಿತ್ತು. "ಯಾರು ಬಾಗಿಲು ತೆರೆದದ್ದು? ಇಗೋ ಬಂದೆ!" ಒಂದೊಂದು ಅಲೆಯೂ ಮನೆಯ ಮಾಡಿಗಿಂತ ಎತ್ತರ. ಹಾಗೇ ನುಗ್ಗಿದರೆ ಮನೆಯೂ ಇಲ್ಲ, ಆಡುಗಳೂ ಇಲ್ಲ, ಗಿಡವೂ ಇಲ್ಲ.

ಸಿಗ್ರಿ ಆ ದಿಬ್ಬವನ್ನು ನೋಡಿದಳು. ಲಂಗ ಎತ್ತಿ ಸಿಕ್ಕಿಸಿಕೊಂಡು, ಮೊಣಕಾಲುದ್ದ ನೀರಿನಲ್ಲಿ ಅದರ ಮೇಲೆ ನಿಂತಳು.

"ನಿಲ್ಲು! ಇದು ನಮ್ಮ ಹೊಸ್ತಿಲು. ಮೆಟ್ಟು ಬಿಟ್ಟು ಬಾ."

"ಏನಂದೆ? ನಾನು ಯಾರು ಗೊತ್ತೇನೇ ನಿನಗೆ?"

"ಯಾರಾದರೂ ಸರಿ. ಬೇಕಾದರೆ ಗಾಳಿಯನ್ನು ಕೇಳು."

"ಬಿಟ್ಟುಬಿಡಣ್ಣಾ," ಎಂದಿತು ಗಾಳಿ ಮೆಲ್ಲಗೆ. "ಇವಳ ಹತ್ತಿರ ವಾದ ನಡೆಯುವುದಿಲ್ಲ. ನಾನೇ ಸೋತಿದ್ದೇನೆ."

"ನನಗೆಲ್ಲಿದೆ ಮೆಟ್ಟು?" ಎಂದಿತು ಕಡಲು.

"ಧಡ ಧಡ ಸದ್ದು ಮಾಡುತ್ತಿವೆಯಲ್ಲ, ಆ ಅಲೆಗಳು! ಅವನ್ನು ಮೆಟ್ಟಿಕೊಂಡು ಬಂದರೆ ನನ್ನ ಗಿಡ ಉಳಿಯುವುದಿಲ್ಲ. ಬರಿಗಾಲಲ್ಲಿ ಬಾ. ತೆಳು ರೊಟ್ಟಿ ಇದೆ, ಆಡಿನ ಹಾಲಿನ ಕಂದು ಚೀಸ್ ಇದೆ. ಕರೆಯಲೆಂದೇ ಇಷ್ಟು ದೂರ ಬಂದಿದ್ದೇವೆ."

ಕಡಲು ಎತ್ತಿದ ಅಲೆಯನ್ನು ಹಾಗೇ ತಡೆಹಿಡಿಯಿತು. ಲೋಕದ ಹೊಳೆಗಳೆಲ್ಲ ಅದರ ಮನೆಗೆ ಬರುತ್ತಿದ್ದವು, ಬಂದು ಅಲ್ಲೇ ಉಳಿಯುತ್ತಿದ್ದವು. 'ನಮ್ಮನೆಗೆ ಬಾ' ಎಂದು ಅದನ್ನು ಒಬ್ಬರೂ ಕರೆದಿರಲಿಲ್ಲ.

"ಮೆಟ್ಟು ಯಾರೂ ಕದಿಯುವುದಿಲ್ಲ ತಾನೇ?" ಎಂದಿತು ಕೊನೆಗೆ.

"ಅನುಮಾನ ಬಂದಾಗೆಲ್ಲ ಹೋಗಿ ನೋಡಿಕೊಂಡು ಬಾ," ಎಂದಳು ಸಿಗ್ರಿ.

ಕಡಲು ಅಲೆಗಳನ್ನು ಹೊಸ್ತಿಲ ಹೊರಗೆ ಬಿಟ್ಟಿತು. ಬರಿಗಾಲಲ್ಲಿ, ಸದ್ದಿಲ್ಲದೆ, ಬೆಟ್ಟಗಳ ನಡುವೆ ನಡೆದು ಬಂದು ಸಿಗ್ರಿಯ ಅಂಗಳದ ಅಂಚಿನಲ್ಲಿ ಕೂತಿತು. ಬೆಟ್ಟಗಳು ಬಗ್ಗಿ ನೋಡಿ ಮೊದಲ ಸಲ ತಮ್ಮ ಮುಖ ಕಂಡವು. ಕಡಲ ಹಿಂದೆಯೇ ಮೀನುಗಳೂ ಬಂದವು. ಆಸ್ಲಾಕ್ ಬಾಗಿಲಲ್ಲೇ ಕೂತು ಗಾಳ ಹಾಕಿದ; ಬೆಕ್ಕು ಅವನ ಪಕ್ಕದಿಂದ ಏಳಲೇ ಇಲ್ಲ.

"ದಂಡೆಗೆ ಯಾವಾಗ ಹೊರಡೋಣ?" ಎಂದು ಸಿಗ್ರಿ ಕೆಣಕಿದಳು.

"ಯಾವ ದಂಡೆ?" ಎಂದ ಆಸ್ಲಾಕ್.

ಕಡಲ ಉಸಿರಿಗೆ ಮಣ್ಣು ಬೆಚ್ಚಗಾಯಿತು. ಮುಂದಿನ ವಸಂತದಲ್ಲಿ ಸೇಬಿನ ಗಿಡ ಮೈತುಂಬ ಹೂ ಬಿಟ್ಟಿತು. ಸಣ್ಣಗಾಗಿ ಮತ್ತೆ ನೆತ್ತಿ ಸೇರಿದ್ದ ಹಿಮಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಹುಂ. ನನ್ನಷ್ಟು ಬಿಳಿಯಿಲ್ಲ. ಅಂಚಿನಲ್ಲಿ ಗುಲಾಬಿ ಇದೆ," ಎಂದಳು. ಆಮೇಲೆ, "ಆದರೂ ಚೆನ್ನಾಗಿದೆ," ಎಂದಳು. ಇದನ್ನು ಸಿಗ್ರಿಗೆ ತಿಳಿಸಲೆಂದು ಜಲಪಾತಗಳನ್ನು ಕೆಳಗೆ ಓಡಿಸಿದಳು. ಅವು ಇಂದಿಗೂ ಓಡಿ ಬರುತ್ತಲೇ ಇವೆ.

ಆ ಉದ್ದನೆಯ ನೀರಿನ ಕೋಣೆಗೆ ಅಲ್ಲಿಯ ಜನ ಫಿಯೋರ್ಡ್ ಎನ್ನುತ್ತಾರೆ. ಹಿಮ ಹೊದ್ದ ಬೆಟ್ಟಗಳ ಬುಡದಲ್ಲಿ ಸೇಬು ಹೂ ಬಿಡುವುದನ್ನು ನೋಡಲು ದೇಶದೇಶದ ಪ್ರವಾಸಿಗಳು ಹಡಗಿನಲ್ಲಿ ಬರುತ್ತಾರೆ. ಹೊರಗೆ ಅಲೆಗಳು ಧಡ ಧಡ ಎನ್ನುತ್ತಿರುತ್ತವೆ. ಒಳಗೆ ಬಂದರೆ ನೀರು ಕನ್ನಡಿ. ಹಡಗಿನಲ್ಲಿ ಗಲಾಟೆ ಮಾಡುತ್ತಿದ್ದವರೂ ಹೊಸ್ತಿಲು ದಾಟಿದ ಮೇಲೆ ದನಿ ತಗ್ಗಿಸುತ್ತಾರೆ. ನೀವೂ ಎಂದಾದರೂ ಹೋಗಿ ದಂಡೆಯಲ್ಲಿ ಕೂತು ನೋಡಿ: ದಿನಕ್ಕೆರಡು ಸಲ ನೀರು ಮೆಲ್ಲಗೆ ಹಿಂದಕ್ಕೆ ಸರಿದು, ಮತ್ತೆ ಮೆಲ್ಲಗೆ ಮರಳಿ ಬರುತ್ತದೆ. ತನ್ನ ಮೆಟ್ಟು ಇದೆಯೋ ಇಲ್ಲವೋ ಎಂದು ಕಡಲು ಬಾಗಿಲವರೆಗೆ ಹೋಗಿ ನೋಡಿಕೊಂಡು ಬರುವುದು ಹಾಗೆ.