ಬಾಗಿದ ಕಂಬದ ಬುಡದಲ್ಲಿ ಮಣೆ

ಜಾಗ ಉಳಿಸಲೆಂದು ಆ ಗೋಡೌನಿನ ಓಣಿಗಳನ್ನು ಎಷ್ಟು ಕಿರಿದು ಮಾಡಿದ್ದರೆಂದರೆ, ಫೋರ್ಕ್‌ಲಿಫ್ಟ್ ತಿರುಗಿದಾಗಲೆಲ್ಲ ರ‍್ಯಾಕಿನ ಕಂಬಕ್ಕೆ ತಗಲುತ್ತಿತ್ತು. ತಗಲಿ ತಗಲಿ ಒಂದು ಕಂಬ ಮೊಣಕಾಲೆತ್ತರದಲ್ಲಿ ಬಾಗಿತ್ತು. ಹೋದ ತಿಂಗಳು ಪಕ್ಕದ ಸಾಲಿನಲ್ಲಿ ಹೀಗೇ ಬಾಗಿದ್ದ ಕಂಬ ಕುಸಿದು ಡ್ರೈವರ್ ದ್ಯಾವಣ್ಣ ಸತ್ತಿದ್ದ.

"ಬಣ್ಣ ಬಳಿದುಬಿಡು, ಯಾರಿಗೂ ಕಾಣಲ್ಲ," ಎಂದರು ಮ್ಯಾನೇಜರ್ ಫಣೀಂದ್ರ. "ನಾಳೆ ಆಯುಧಪೂಜೆ ಮುಗಿದ ಕೂಡಲೆ ಇನ್ನೆರಡು ಟನ್ ಟೈಲ್ಸ್ ಏರಿಸು. ಆಗಲ್ಲ ಅಂದ್ರೆ ಗೇಟು ಅಲ್ಲಿದೆ."

ಡ್ರೈವರ್ ಚಿಕ್ಕಮಾದ ಬ್ರಷ್ ಎತ್ತಿಕೊಂಡ. ಬಣ್ಣ ಬಳಿದ.

ಮರುದಿನ ಫಣೀಂದ್ರ ರೇಷ್ಮೆ ಪಂಚೆಯುಟ್ಟು ಬಂದರು. ಫೋರ್ಕ್‌ಲಿಫ್ಟ್ ಹೂವಿನ ಹಾರ ಹಾಕಿಕೊಂಡು ಅದೇ ಓಣಿಯಲ್ಲಿ ನಿಂತಿತ್ತು. ಚಕ್ರದಡಿ ನಿಂಬೆಹಣ್ಣು. ಬಾಗಿದ ಕಂಬದ ಬುಡದಲ್ಲಿ ಪೂಜೆಗೆ ಕೂರುವ ಮಣೆ.

"ಕೂತ್ಕೊಳ್ಳಿ ಸಾರ್," ಎಂದ ಚಿಕ್ಕಮಾದ. " ಅರ್ಧ ಗಂಟೆ ಅಷ್ಟೆ."

ಫಣೀಂದ್ರ ಕತ್ತೆತ್ತಿ ನೋಡಿದರು. ನೆತ್ತಿಯ ಮೇಲೆ ಮೂರು ಅಂತಸ್ತು ಟೈಲ್ಸ್ ಪೆಟ್ಟಿಗೆ. "ಹೊರಗೆ ಅಂಗಳದಲ್ಲಿ ಮಾಡೋಣ ಕಣಯ್ಯಾ."

"ಗಾಡಿ ದುಡಿಯೋ ಜಾಗ ಇದೇ ಅಲ್ವಾ ಸಾರ್? ನಾನು ದಿನಾ ಎಂಟು ಗಂಟೆ ಇಲ್ಲೇ ಕೂತಿರ್ತೀನಿ."

ಪೂಜಾರಿ ಸದ್ದಿಲ್ಲದೆ ಹರಿವಾಣ ಎತ್ತಿಕೊಂಡು ಹೊರಗೆ ಹೋಗಿ ನಿಂತರು. ಆಳುಗಳೆಲ್ಲ ಮಣೆಯನ್ನೇ ನೋಡುತ್ತಿದ್ದರು. ಫಣೀಂದ್ರರ ಹಣೆಯ ಕುಂಕುಮ ಬೆವರಿಗೆ ಇಳಿಯತೊಡಗಿತು.

"ಮೊದಲು ಈ ರ‍್ಯಾಕ್ ಖಾಲಿ ಮಾಡ್ರೋ! ಕಂಬ ಬದಲಾಯಿಸೋವರೆಗೆ ಏನೂ ಏರಿಸಬೇಡಿ!"

ಆಮೇಲೆ ದನಿ ತಗ್ಗಿಸಿ ಚಿಕ್ಕಮಾದನ ಮೇಲೆ ಸಿಡುಕಿದರು. "ಇಷ್ಟು ಅಪಾಯ ಇದೆ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತೋ ನಿಂಗೆ?"

ಚಿಕ್ಕಮಾದ ಮಣೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ದ್ಯಾವಣ್ಣ ಹೇಳಿದ್ದ ಸಾರ್."